ಕಡಲ ತಳದ ತವರ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಚಿಕ್ಕವನಿದ್ದಾಗ ನಮ್ಮ ಬೀದಿಗೆ ಕಲಾಯಿಯವರು ಬರುತ್ತಿದ್ದರು. ಮರದ ನೆರಳಲ್ಲಿ ಒಂದು ಸಣ್ಣ ಗುಂಡಿ ತೋಡಿ, ಇದ್ದಿಲು ತುಂಬಿ, ತಿದಿ ಒತ್ತುತ್ತಿದ್ದರು. ಹಿತ್ತಾಳೆ ಪಾತ್ರೆ ಚೆನ್ನಾಗಿ ಕಾದ ಮೇಲೆ ಒಳಗೆ ನವಸಾಗರದ ಪುಡಿ ಎರಚುತ್ತಿದ್ದರು. ಭುಸ್ಸೆಂದು ಬಿಳಿ ಹೊಗೆ ಏಳುತ್ತಿತ್ತು. ಆಮೇಲೆ ಒಂದು ಕಡ್ಡಿ ತವರವನ್ನು ಸುಮ್ನೆ ಹಾಗೆ ಮುಟ್ಟಿಸಿ, ಹತ್ತಿಯಿಂದ ಸರ್ರನೆ ಒರೆಸಿದರೆ ಸಾಕು, ಪಾತ್ರೆಯ ಒಳಗೆಲ್ಲ ಬೆಳ್ಳಿ ಹರಡಿದ ಹಾಗೆ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಇಟ್ಟರೆ ಕಿಲುಬು ಹಿಡಿಯುತ್ತದೆ. ಹಾಗಾಗಿ ನಮಗೆಲ್ಲ ತವರ ಎಂದರೆ ಅಡುಗೆಮನೆಯ ವಿಷಯ.

ಇದೇ ತವರಕ್ಕಾಗಿ ಜನ ಕಡಲ ತಳದ ಕೆಳಗೂ ಸುರಂಗ ಕೊರೆದರು. ಇವತ್ತು ನಾನು ಹೇಳಹೊರಟಿರುವುದು ಅಂಥ ಒಂದು ಗಣಿಯ ಕಥೆ.

ಇಂಗ್ಲೆಂಡಿನ ನೈರುತ್ಯ ತುದಿಯಲ್ಲಿ ಕಾರ್ನ್‌ವಾಲ್ ಎಂಬ ಸೀಮೆ ಇದೆ. ಅಲ್ಲಿ ಪೆಂಡೀನ್ ಎಂಬ ಊರಿನ ಹತ್ತಿರ, ಅಟ್ಲಾಂಟಿಕ್ ಸಾಗರದ ಅಲೆಗಳು ಬಡಿಯುವ ಬಂಡೆಗಳ ನೆತ್ತಿಯ ಮೇಲೆ, ಲೆವಾಂಟ್ ಗಣಿ. 1820ರಲ್ಲಿ ಅಲ್ಲಿ ಕಂಪನಿ ಶುರುವಾಯಿತು. ಮೊದಲು ಸಿಕ್ಕಿದ್ದು ತಾಮ್ರ, ಆಮೇಲೆ ತವರ. ಅದಿರಿನ ಎಳೆ ದಡಕ್ಕೆ ನಿಲ್ಲಲಿಲ್ಲ, ಕಡಲ ಕಡೆಗೆ ಹೋಯಿತು. ಗಣಿಯವರೂ ಅದರ ಹಿಂದೆಯೇ ಹೋದರು. ಕೊನೆಗೆ ಸುರಂಗಗಳು ದಡದಿಂದ ಒಂದೂವರೆ ಕಿಲೋಮೀಟರಿಗೂ ಆಚೆ, ಸಮುದ್ರದ ಕೆಳಗೆ ಚಾಚಿಕೊಂಡವು. ಬಿರುಗಾಳಿಯ ದಿನ, ತಲೆಯ ಮೇಲೆ ಕಡಲ ತಳದಲ್ಲಿ ಗುಂಡುಕಲ್ಲುಗಳು ಉರುಳಾಡುವ ಸದ್ದು ಕೆಲಸಗಾರರಿಗೆ ಕೇಳಿಸುತ್ತಿತ್ತಂತೆ. ಮೇಣದ ಬತ್ತಿಯ ಬೆಳಕಿನಲ್ಲಿ, ಬೆವರಿಳಿಸುವ ಸೆಕೆಯಲ್ಲಿ, ಆ ಸದ್ದು ಕೇಳಿಕೊಂಡೇ ಸುತ್ತಿಗೆ ಬೀಸಬೇಕು.

ನೆಲದ ಮೇಲೆ ಹೆಣ್ಣುಮಕ್ಕಳು ದುಡಿಯುತ್ತಿದ್ದರು. ಅವರನ್ನು ಬಾಲ್ ಮೇಡನ್ ಎಂದು ಕರೆಯುತ್ತಿದ್ದರು. ಕಾರ್ನಿಶ್ ಭಾಷೆಯಲ್ಲಿ ಬಾಲ್ ಎಂದರೆ ಗಣಿ. ಬಿಸಿಲಿಗೂ ಕಲ್ಲಿನ ಚೂರಿಗೂ ತಡೆಯಾಗಲೆಂದು ಅಗಲವಾದ ಟೊಪ್ಪಿಗೆ ಕಟ್ಟಿಕೊಂಡು, ದಿನವಿಡೀ ಸುತ್ತಿಗೆಯಿಂದ ಅದಿರು ಒಡೆಯುವುದು ಅವರ ಕೆಲಸ.

ಈಗ ಒಂದು ಯಂತ್ರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಈ ಗಣಿಯ ಕಥೆ ಇರುವುದೇ ಅದರಲ್ಲಿ.

ಮೊದಲೆಲ್ಲ ಗಣಿಗೆ ಇಳಿಯುವುದು, ಹತ್ತುವುದು ಏಣಿಯಲ್ಲೇ. ಇಡೀ ಪಾಳಿ ಕಲ್ಲು ಒಡೆದು ಸುಸ್ತಾದವನು ಮತ್ತೆ ನೂರಾರು ಅಡಿ ಏಣಿ ಹತ್ತಬೇಕು. ಎದೆ ಒಡೆದುಹೋಗುತ್ತಿತ್ತು. ಅದಕ್ಕೊಂದು ದಾರಿ ಎಂದು 1857ರಲ್ಲಿ ಲೆವಾಂಟಿನಲ್ಲಿ ಮ್ಯಾನ್ ಎಂಜಿನ್ ಹಾಕಿದರು. ಶಾಫ್ಟು, ಅಂದರೆ ಗಣಿಗೆ ಇಳಿಯುವ ಬಾವಿಯಂಥ ಗುಂಡಿ, ಅದರೊಳಗೆ ಒಂದು ಉದ್ದನೆಯ ಮರದ ದಂಡ. ದಿಮ್ಮಿಗೆ ದಿಮ್ಮಿ ಜೋಡಿಸಿ, ಕೊನೆಕೊನೆಗೆ ಸುಮಾರು 480 ಮೀಟರ್ ಆಳದವರೆಗೆ ಇಳಿಬಿಟ್ಟ ದಂಡ. ಮೇಲಿನ ಉಗಿ ಎಂಜಿನ್ ಅದನ್ನು 12 ಅಡಿ ಮೇಲಕ್ಕೆ, 12 ಅಡಿ ಕೆಳಕ್ಕೆ ಆಡಿಸುತ್ತಲೇ ಇರುತ್ತದೆ. ದಂಡದ ಮೇಲೆ 12 ಅಡಿಗೊಂದು ಮೆಟ್ಟಿಲು. ಪಕ್ಕದ ಗೋಡೆಯಲ್ಲೂ 12 ಅಡಿಗೊಂದು ಹಲಗೆ.

ನೀವು ಮೆಟ್ಟಿಲ ಮೇಲೆ ನಿಂತಿದ್ದೀರಿ ಅಂದುಕೊಳ್ಳಿ. ದಂಡ ನಿಮ್ಮನ್ನು 12 ಅಡಿ ಎತ್ತಿತು. ಗೋಡೆಯ ಹಲಗೆಗೆ ದಾಟಿದಿರಿ. ದಂಡ ಕೆಳಗೆ ಹೋಯಿತು, ಮೇಲಿನ ಮೆಟ್ಟಿಲು ನಿಮ್ಮ ಕಾಲ ಬಳಿ ಬಂತು. ಅದಕ್ಕೆ ದಾಟಿದಿರಿ, ಮತ್ತೆ 12 ಅಡಿ ಮೇಲೆ. ಕತ್ತಲಲ್ಲಿ, ಒದ್ದೆ ಬೂಟಿನಲ್ಲಿ, ಹೀಗೆ ನೂರಕ್ಕೂ ಜಾಸ್ತಿ ಸಲ ದಾಟಿದರೆ ಆಕಾಶ ಕಾಣಿಸುತ್ತದೆ. ನಮಗೆ ಕೇಳಿದರೇ ಭಯ, ಅಲ್ವಾ? ಆದರೆ ಏಣಿ ಹತ್ತಿ ಹತ್ತಿ ಸೋತವರಿಗೆ ಅದು ವರದಾನವೇ ಆಗಿತ್ತು.

1919ರ ಅಕ್ಟೋಬರ್ 20, ಸೋಮವಾರ. ಮೊದಲ ಮಹಾಯುದ್ಧ ಮುಗಿದು ಒಂದು ವರ್ಷವೂ ಆಗಿರಲಿಲ್ಲ. ಮಧ್ಯಾಹ್ನ ಪಾಳಿ ಮುಗಿದು ಮನೆಗೆ ಹೊರಟವರು ನೂರಕ್ಕೂ ಹೆಚ್ಚು ಜನ ದಂಡದ ಉದ್ದಕ್ಕೂ ನಿಂತಿದ್ದರು. ಮುಂದಿನವರು ಇನ್ನೇನು ಮೇಲೆ ಬಂದೇಬಿಟ್ಟಿದ್ದರು. ಆಗ ದಂಡವನ್ನು ಎಂಜಿನ್ನಿಗೆ ಹಿಡಿದಿಟ್ಟಿದ್ದ ಕಬ್ಬಿಣದ ಕೊಂಡಿ ಮುರಿಯಿತು. ಭಾರವಾದ ಮರದ ದಂಡ ಜನರ ಸಮೇತ ಕೆಳಗೆ ಕುಸಿಯಿತು. ಗೋಡೆಯ ಹಲಗೆಗಳೂ ಕಿತ್ತುಕೊಂಡು ಹೋದವು. ಸತ್ತವರು 31 ಮಂದಿ. ಸುತ್ತಲಿನ ಪುಟ್ಟ ಹಳ್ಳಿಗಳಿಗೆ ಅದು ಎಷ್ಟು ದೊಡ್ಡ ಸಂಖ್ಯೆ ಎಂದು ಯೋಚಿಸಿ. ಊರವರೆಲ್ಲ ಬಂದು ಶಾಫ್ಟಿನ ಬಾಯಿ ಬಳಿ ಕಾದು ನಿಂತರು.

ಮ್ಯಾನ್ ಎಂಜಿನ್ನನ್ನು ಮತ್ತೆ ಕಟ್ಟಲಿಲ್ಲ. ಆಳದ ಸುರಂಗಗಳನ್ನು ಕೈಬಿಟ್ಟರು. ಹೇಗೋ ಹನ್ನೊಂದು ವರ್ಷ ನಡೆದು, 1930ರಲ್ಲಿ ಗಣಿ ಮುಚ್ಚಿತು. ಹೊರದೇಶಗಳ ಅಗ್ಗದ ತವರ ಕಾರ್ನ್‌ವಾಲಿನ ಗಣಿಗಳಿಗೆ ಎಷ್ಟೋ ಮೊದಲೇ ಪೆಟ್ಟು ಕೊಟ್ಟಿತ್ತು. ಮಲಯಾದಲ್ಲಿ, ಅಂದರೆ ಈಗಿನ ಮಲೇಷ್ಯಾದಲ್ಲಿ, ತವರ ನದಿಬಯಲಿನ ಮಣ್ಣಿನಲ್ಲೇ ಸಿಗುತ್ತಿತ್ತು. ಕಡಲ ಕೆಳಗಿನ ಬಂಡೆ ಒಡೆಯುವವರು ಅದರ ಎದುರು ಎಷ್ಟು ದಿನ ನಿಲ್ಲಬಲ್ಲರು?

ಕೆಲಸ ಹೋದ ಕಾರ್ನ್‌ವಾಲಿನವರು ಹತ್ತೊಂಬತ್ತನೇ ಶತಮಾನದಿಂದಲೇ ಜಗತ್ತಿಗೆಲ್ಲ ಹರಡಿದ್ದರು. ನೆಲದಲ್ಲಿ ಎಲ್ಲಾದರೂ ಒಂದು ಗುಂಡಿ ಇದ್ದರೆ ಅದರ ತಳದಲ್ಲಿ ಒಬ್ಬ ಕಾರ್ನ್‌ವಾಲಿನವನು ಇರುತ್ತಾನೆ ಎಂಬ ಮಾತೇ ಹುಟ್ಟಿಕೊಂಡಿತ್ತು. ಆ ಗುಂಡಿಗಳಲ್ಲಿ ಒಂದು ನಮ್ಮ ಕೋಲಾರದ್ದು. 1880ರಿಂದ ಜಾನ್ ಟೇಲರ್ ಕಂಪನಿ ಚಿನ್ನದ ಗಣಿಗಳ ಉಸ್ತುವಾರಿ ವಹಿಸಿಕೊಂಡ ಮೇಲೆ ಅಲ್ಲಿಗೆ ಕಾರ್ನ್‌ವಾಲಿನ ಗಣಿಗಾರರು ಬಂದರು, ಮೇಲ್ವಿಚಾರಕರಾಗಿ, ಎಂಜಿನ್ ಬಲ್ಲವರಾಗಿ. ಅವರ ಕೈಕೆಳಗೆ ಆಳಕ್ಕಿಳಿದು ಜೀವ ತೇಯ್ದವರು ನಮ್ಮ ಜನ, ಹೆಚ್ಚಿನವರು ತಮಿಳು ಸೀಮೆಯಿಂದ ಬಂದ ದಲಿತರು. ಕೋಲಾರದ ಗಣಿಯೂ 2001ರಲ್ಲಿ ಮುಚ್ಚಿತು. ಲೆವಾಂಟಿನ ಕಥೆ ಓದುವಾಗೆಲ್ಲ ನನಗೆ ಕೋಲಾರದ ಚಾಂಪಿಯನ್ ರೀಫ್ ಗಣಿ ನೆನಪಾಗುತ್ತದೆ. ಅಲ್ಲಿ ಜೀವ ತೇಯ್ದವರ ಕಥೆಯನ್ನೂ ಯಾರಾದರೂ ಹೀಗೆ ಹೇಳಬೇಕಿತ್ತು ಅನಿಸುತ್ತದೆ.

ಲೆವಾಂಟಿನಲ್ಲಿ 1840ರ ಒಂದು ಉಗಿ ಎಂಜಿನ್ ಇತ್ತು. ಅದಿರು ಮೇಲೆತ್ತುವ ಎಂಜಿನ್. ಗಣಿ ಮುಚ್ಚಿದ ಮೇಲೆ ಅದು ಗುಜರಿಗೆ ಹೋಗುವುದರಲ್ಲಿತ್ತು. 1935ರಲ್ಲಿ ಕೆಲವರು ಒಟ್ಟು ಸೇರಿ ಅದನ್ನು ಉಳಿಸಿಕೊಂಡರು. ಹಲವು ದಶಕ ಅದು ತುಕ್ಕು ಹಿಡಿದು ನಿಂತಿತ್ತು. 1980ರ ದಶಕದಲ್ಲಿ ಸ್ವಯಂಸೇವಕರ ಒಂದು ಸಣ್ಣ ಗುಂಪು ಕೈ ಹಚ್ಚಿತು. ಕೂಲಿ ಇಲ್ಲ, ಗ್ರೀಸು, ಮಸಿ, ತಾಳ್ಮೆ ಅಷ್ಟೇ. 1990ರ ದಶಕದ ಆರಂಭದಲ್ಲಿ ಅದು ಮತ್ತೆ ಉಗಿಯಲ್ಲಿ ತಿರುಗಿತು. ಪಕ್ಕದ ಗೀವರ್ ಗಣಿ ಮಾತ್ರ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮುಚ್ಚಿತು. 1985ರಲ್ಲಿ ತವರದ ಬೆಲೆ ಒಮ್ಮೆಗೇ ಕುಸಿದದ್ದು ಅದಕ್ಕೆ ಕಾರಣ. ಪಂಪುಗಳು ನಿಂತವು. ಕಡಲ ಕೆಳಗಿನ ಸುರಂಗಗಳಲ್ಲಿ ನೀರು ತುಂಬಿತು.

2006ರಲ್ಲಿ ಕಾರ್ನ್‌ವಾಲಿನ ಈ ಗಣಿ ಪ್ರದೇಶವನ್ನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಲೆವಾಂಟಿಗೆ ಹೋದವರು ಈಗಲೂ ಗಣಿಗಾರರು ಬಟ್ಟೆ ಬದಲಿಸುತ್ತಿದ್ದ ಜಾಗ ನೋಡಬಹುದು. ಅಲ್ಲಿಂದ ಒಂದು ಸುರುಳಿ ಮೆಟ್ಟಿಲು ಇಳಿಯುತ್ತದೆ. ಕೆಳಗೆ ಒಂದು ಕಿರಿದಾದ ಸುರಂಗ. ಪಾಳಿಗೆ ಹೊರಟವರು ದಿನಾ ನಡೆದ ದಾರಿ ಅದು. ಅದು ಹೋಗಿ ಮುಟ್ಟುವುದು ಮ್ಯಾನ್ ಎಂಜಿನ್ನಿನ ಶಾಫ್ಟಿಗೆ. ಅಲ್ಲಿ ಈಗ ದಂಡವಿಲ್ಲ. ಬಗ್ಗಿ ನೋಡಿದರೆ ಬರೀ ಕತ್ತಲು.