ಬಿಡ್ತು ಅನ್ನು!

ಕೇಳುಗರೇ, ನಮಸ್ಕಾರ.

ನಮ್ಮಜ್ಜಿಯ ಟ್ರಂಕಿನ ತಳದಲ್ಲಿ ಮಡಿಕೆ ಬಿಚ್ಚದ ಒಂದು ಸೀರೆ ಇತ್ತು. ಪಕ್ಕದಲ್ಲಿ ಕಾಶಿಯಿಂದ ತಂದ ಗಂಗಾಜಲದ ಗಿಂಡಿ, ಕರ್ಚೀಫಿನಲ್ಲಿ ಗಂಟು ಹಾಕಿದ ಒಂದಿಷ್ಟು ದುಡ್ಡು. "ನಾನು ಹೋದ ದಿನ ಯಾರ ಮುಂದೂ ಕೈ ಚಾಚಬೇಡಿ" ಎಂದು ಆಗಾಗ ತೆಗೆದು ತೋರಿಸುತ್ತಿದ್ದರು. ನಾವೆಲ್ಲ ಒಟ್ಟಿಗೇ, "ಬಿಡ್ತು ಅನ್ನಜ್ಜಿ!" ಎಂದು ಕೂಗುತ್ತಿದ್ದೆವು. ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಹಾಗಾಗಿ ಸೀರೆ ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಅಜ್ಜಿ ಊಟ ಬಿಟ್ಟಾಗ ಮೂಗಿಗೆ ಪೈಪ್ ಹಾಕಿಸಬೇಕಾ, ಬೇಡವಾ? ಅದು ಯಾರಿಗೂ ಗೊತ್ತಿರಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಮೂವರು ಮಕ್ಕಳು ಜಗಳಕ್ಕೆ ನಿಂತರು.

ಸಾವಿಗೆ ಸಿದ್ಧರಾಗುವುದನ್ನು ಪಾಠ ಮಾಡಿ ಕಲಿಸಬಹುದಾ? ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಫುಲ್ಟನ್ ಎಂಬ ಸಮಾಜಶಾಸ್ತ್ರದ ಮೇಷ್ಟ್ರು 1963ರಲ್ಲೇ ಇದಕ್ಕೊಂದು ಕೋರ್ಸ್ ಶುರು ಮಾಡಿದ್ದರು. ಅಂಥ ಕೋರ್ಸುಗಳು ಜಾಸ್ತಿಯಾದ ಮೇಲೆ, ಕಲಿತವರ ಸಾವಿನ ಭಯ ಎಷ್ಟು ಇಳಿಯಿತೆಂದು ಅಳೆಯತೊಡಗಿದರು. 1991ರಲ್ಲಿ ಹತ್ತಾರು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರೆ, ಸುಮ್ನೆ ಉಪನ್ಯಾಸ ಕೇಳಿದವರ ಭಯ ಇಳಿದೇ ಇರಲಿಲ್ಲ. ತಮ್ಮ ಅನುಭವ ಹೇಳಿಕೊಂಡು ಮಾತಾಡಿದವರಿಗೆ ಮನಸ್ಸು ಸ್ವಲ್ಪ ಹಗುರವಾಗಿತ್ತು. ಸ್ವಲ್ಪ ಅಷ್ಟೇ.

ನನ್ನ ಕೇಳಿದರೆ, ಅವರು ಅಳೆದದ್ದೇ ಬೇಡದ್ದನ್ನು. ಭಯ ಇದ್ದರೆ ಇರಲಿ ಬಿಡಿ. ಕಾರಿಡಾರಿನ ಜಗಳ ತಪ್ಪುತ್ತದಾ, ಅದನ್ನು ನೋಡಬೇಕು.

ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಅದನ್ನೇ ನೋಡಿದರು. 80 ವರ್ಷ ತುಂಬಿದ 309 ರೋಗಿಗಳು. ಅರ್ಧದಷ್ಟು ಜನರ ಜೊತೆ ತರಬೇತಾದವರು ಕೂತು, ಆದಷ್ಟೂ ಮನೆಯವರನ್ನೂ ಕೂರಿಸಿಕೊಂಡು, ಕೊನೆಗಾಲದಲ್ಲಿ ಏನು ಬೇಕು, ಏನು ಬೇಡ ಎಂದು ಮಾತಾಡಿದರು. 2010ರಲ್ಲಿ ಫಲಿತಾಂಶ ಬಂತು. ಹೀಗೆ ಮಾತಾಡಿ ತೀರಿಕೊಂಡವರಲ್ಲಿ ಶೇಕಡ 86 ಮಂದಿಯ ಇಷ್ಟ ಗೊತ್ತಿತ್ತು, ಹಾಗೇ ನಡೆದಿತ್ತು. ಉಳಿದವರಲ್ಲಿ ಶೇಕಡ 30. ಮನೆಯವರ ಕೊರಗೂ ಕಡಿಮೆಯಿತ್ತು. ಎಲ್ಲ ಕಡೆ ಹೀಗಾಗಿಲ್ಲ. ಅಮೆರಿಕದ ದೊಡ್ಡದೊಂದು ಪ್ರಯೋಗದಲ್ಲಿ ನರ್ಸುಗಳು ರೋಗಿಗಳ ಇಷ್ಟ ಕೇಳಿ ಡಾಕ್ಟರಿಗೆ ಮುಟ್ಟಿಸಿದರೂ ಚಿಕಿತ್ಸೆ ಬದಲಾಗಲಿಲ್ಲ. ಅದು 1995ರ ವರದಿ.

ಜರ್ಮನಿಯಲ್ಲಿ ಫಸ್ಟ್ ಏಡ್ ಇದ್ದಹಾಗೆ 'ಲಾಸ್ಟ್ ಏಡ್' ಅಂತ ಒಂದು ತರಗತಿ ಇದೆ. ಗೇಯಾರ್ಗ್ ಬೊಲ್ಲಿಗ್ ಎಂಬ ವೈದ್ಯರ ಯೋಚನೆ. 45 ನಿಮಿಷದ ನಾಲ್ಕು ಪಾಠ, ಅರ್ಧ ದಿನದ ಕೆಲಸ. ಅಲ್ಲಿ ಕಲಿಸುವುದರಲ್ಲಿ ಒಂದು, ಕೊನೆಗಳಿಗೆಯಲ್ಲಿ ಒಣಗಿದ ಬಾಯನ್ನು ತೇವ ಮಾಡುವುದು. ಅವರಿಗಿಷ್ಟದ ಜ್ಯೂಸೋ ಕಾಫಿಯೋ ಚೂರೇ ಚೂರು ಅದ್ದಿ ತುಟಿಗೆ ಸವರುತ್ತಾರೆ. ತುಳಸಿ ಎಲೆಯಲ್ಲಿ ಹನಿ ನೀರು ಬಿಡುವ ನಮಗೆ ಇದು ಹೊಸದೇನಲ್ಲ, ಅಲ್ವಾ?

ನಮ್ಮಲ್ಲೂ ದಾರಿ ತೆರೆದಿದೆ. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಪತ್ರಕ್ಕೆ ಲಿವಿಂಗ್ ವಿಲ್ ಅನ್ನುತ್ತಾರೆ. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಿತು. 2023ರಲ್ಲಿ ಅದನ್ನು ಸುಲಭ ಮಾಡಿತು: ಇಬ್ಬರು ಸಾಕ್ಷಿ, ಒಬ್ಬ ನೋಟರಿ ಇದ್ದರೆ ಸಾಕು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಅದಕ್ಕೆ ಸುತ್ತೋಲೆಯನ್ನೂ ಹೊರಡಿಸಿತು. ಆದರೆ ನೋಟರಿ ಹತ್ತಿರ ಹೋಗುವ ಮೊದಲು ಅಡುಗೆಮನೆಯಲ್ಲಿ ಬಾಯಿ ಬಿಡಬೇಕಲ್ಲ!

ಧೈರ್ಯ ಮಾಡಿ ಅಮ್ಮನನ್ನು ಕೇಳಿದೆ. "ಬಿಡ್ತು ಅನ್ನು" ಎಂದರು. ಅರ್ಧ ಗಂಟೆಯಾದ ಮೇಲೆ, ಲೋಟ ತೊಳೆಯುತ್ತಾ, ನನ್ನ ಕಡೆ ತಿರುಗದೆಯೇ ಹೇಳಿದರು: "ಮೂಗಿಗೆ ಪೈಪ್ ಮಾತ್ರ ಬೇಡ ಕಣೋ. ಬಾಯಿಗೆ ಕಾಫಿ ಬಿಡು. ಡಿಕಾಕ್ಷನ್ ಗಟ್ಟಿಯಾಗಿರಲಿ."