ಅಭಿಪ್ರಾಯಕ್ಕೆ ಮೊದಲು ರಿಮೋಟು

“ಸಿನಿಮಾ ಏನೋ ಚೆನ್ನಾಗಿದೆ, ಆದ್ರೆ ಯಾಕೋ ಸೀರಿಯಲ್ ಥರ ಕಾಣ್ಸುತ್ತೆ.” ಹೊಸ ಟಿವಿ ತಂದ ಮನೆಗಳಲ್ಲಿ ಮೇಲಿಂದ ಮೇಲೆ ಕೇಳಿಬರುವ ಮಾತಿದು. ಹಾಗೆಂದವರ ಕಣ್ಣು ಸರಿಯಾಗಿಯೇ ಇದೆ, ಬೈಗುಳ ಮಾತ್ರ ನಿರ್ದೇಶಕರ ಪಾಲಿಗೆ ಹೋಗುತ್ತಿದೆ. ಮನೆಯಲ್ಲಿ ಕೂತು ನೋಡಿದ ಚಿತ್ರದ ಬಗ್ಗೆ ನಾವು ಹೇಳುವ ಅಭಿಪ್ರಾಯದಲ್ಲಿ ಟಿವಿಯದೂ ಒಂದು ಪಾಲಿರುತ್ತದೆ. ಅದನ್ನು ಕಳೆದು ಉಳಿದದ್ದನ್ನು ಹೇಳುವುದು ಹೇಗೆ? ನಾಲ್ಕೈದು ಕೃತಿಗಳನ್ನಿಟ್ಟುಕೊಂಡು ನೋಡೋಣ.

ಮೊದಲು ‘ತಿಥಿ’. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ, ರಾಮ್ ರೆಡ್ಡಿ ನಿರ್ದೇಶನದ ಚಿತ್ರ. ನಟಿಸಿದವರು ಮಂಡ್ಯ ಸೀಮೆಯ ಹಳ್ಳಿಯವರು. ಸೆಂಚುರಿ ಗೌಡರು ಸತ್ತ ದಿನದಿಂದ ಹನ್ನೊಂದನೆಯ ದಿನದ ತಿಥಿಯವರೆಗೆ ಕತೆ ನಡೆಯುತ್ತದೆ. ಅವರ ಮಗ ಗಡ್ಡಪ್ಪ ಯಾರ ಗೊಡವೆಯೂ ಇಲ್ಲದೆ ನಡೆದುಕೊಂಡು ಹೋಗುವುದೇ ಚಿತ್ರದ ಜೀವ. ಆ ನಡಿಗೆ ನಿಮ್ಮ ಟಿವಿಯಲ್ಲಿ ಎಣ್ಣೆ ಸವರಿದಂತೆ ಜಾರಿದರೆ ಕಾರಣ ಇಷ್ಟೆ: ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ, ಟಿವಿ ಪರದೆ ಸೆಕೆಂಡಿಗೆ 60 ಅಥವಾ 120 ಸಲ ಹೊಸದಾಗುತ್ತದೆ. ನಡುವಿನ ಜಾಗಕ್ಕೆ ಟಿವಿ ತಾನೇ ಊಹಿಸಿ ಚಿತ್ರ ತುಂಬುತ್ತದೆ. ಊಹೆ ತಪ್ಪಿದ ಕಡೆ ಕಾಲಿನ ಅಂಚು ಹಿಂದಿನ ಹುಲ್ಲಿನೊಡನೆ ಕಲಸಿಹೋಗುತ್ತದೆ.

ಹೀಗೆ ಚಿತ್ರ ತುಂಬುವ ಸೆಟ್ಟಿಂಗ್‌ಗೆ ಸ್ಯಾಮ್‌ಸಂಗ್‌ನಲ್ಲಿ ಪಿಕ್ಚರ್ ಕ್ಲಾರಿಟಿ, ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ ಎಂಬ ಹೆಸರು. ಆಫ್ ಮಾಡಿ. ಒಂದು ಸಲ ಮಾಡಿದರೆ ಮುಗಿಯಿತು ಅಂದುಕೊಳ್ಳಬೇಡಿ. ಎಷ್ಟೋ ಟಿವಿಗಳಲ್ಲಿ ಒಂದೊಂದು ಎಚ್‌ಡಿಎಂಐ ಕಿಂಡಿಗೂ ಬೇರೆ ನೆನಪು, ಎಚ್‌ಡಿಆರ್ (ಬೆಳಕು-ಕತ್ತಲಿನ ವ್ಯಾಪ್ತಿ ಹೆಚ್ಚಿರುವ) ಚಿತ್ರಗಳಿಗೆ ಇನ್ನೊಂದು. ಸೆಟ್‌ಟಾಪ್ ಬಾಕ್ಸ್‌ನಲ್ಲಿ ಸರಿಮಾಡಿ ಆ್ಯಪ್‌ನಲ್ಲಿ ಮರೆಯುವವರೇ ಹೆಚ್ಚು.

‘ತಿಥಿ’ಯ ಮಾತು ಕೇಳಿಸುವುದಿಲ್ಲ ಅನ್ನುವವರಿದ್ದಾರೆ. ಮಂಡ್ಯದ ಮಾತು ಬೆಂಗಳೂರಿಗೆ ಅಷ್ಟೊಂದು ದೂರವೇನಲ್ಲ! ತೊಡಕಿರುವುದು ಸ್ಪೀಕರಿನಲ್ಲಿ. ಆರು ಸ್ಪೀಕರುಗಳಿಗೆಂದು ಹಂಚಿದ 5.1 ಧ್ವನಿಯಲ್ಲಿ ಸಂಭಾಷಣೆಗೆಂದೇ ನಡುವೆ ಒಂದು ಸ್ಪೀಕರ್ ಮೀಸಲು. ಎರಡೇ ಸ್ಪೀಕರ್ ಇರುವ ಟಿವಿಯಲ್ಲಿ ಮಾತು, ಸಂಗೀತ, ಗಾಡಿಯ ಸದ್ದು ಎಲ್ಲ ಒಂದೇ ಪಾತ್ರೆಗೆ ಬೀಳುತ್ತವೆ. ಜೊತೆಗೆ ತೆಳ್ಳನೆಯ ಟಿವಿಗಳಲ್ಲಿ ಸ್ಪೀಕರಿನ ಬಾಯಿ ಸಾಮಾನ್ಯವಾಗಿ ಕೆಳಕ್ಕಿರುತ್ತದೆ. ಆ್ಯಪ್‌ನ ಭಾಷೆಯ ಪಟ್ಟಿಯಲ್ಲಿ ‘ಕನ್ನಡ’, ‘ಕನ್ನಡ 5.1’ ಎರಡೂ ಇದ್ದರೆ ಮೊದಲನೆಯದನ್ನೇ ಆರಿಸಿ. ಸೌಂಡ್‌ಬಾರ್ ಹಾಕಿದ ಮೇಲೆ ತುಟಿ ಆಡಿದ ನಂತರ ಮಾತು ಬರುತ್ತಿದ್ದರೆ ಆಡಿಯೊ ಡಿಲೇ ಹೆಚ್ಚಿಸಬೇಡಿ, ಅದು ಧ್ವನಿಯನ್ನು ಇನ್ನೂ ಹಿಂದಕ್ಕೆ ತಳ್ಳುತ್ತದೆ. ಅದನ್ನು ಸೊನ್ನೆಗಿಟ್ಟು, ಟಿವಿಯ ಧ್ವನಿ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಅನ್ನು ಪಿಸಿಎಂಗೆ (ಸೌಂಡ್‌ಬಾರ್ ಬಿಡಿಸಿಕೊಳ್ಳಬೇಕಿಲ್ಲದ ನೇರ ಧ್ವನಿಗೆ) ಬದಲಿಸಿ ನೋಡಿ.

ಇನ್ನು ‘ಘಟಶ್ರಾದ್ಧ’. 1977ರದು, ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ, ಕಪ್ಪು ಬಿಳುಪು, ಎಸ್. ರಾಮಚಂದ್ರ ಅವರ ಕ್ಯಾಮೆರಾ. ಟಿವಿ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ಗೊತ್ತಿಲ್ಲ. ಬಿಳಿ ಪಂಚೆ ನೀಲಿ ಹಾಕಿ ಒಗೆದಂತೆ ಕಂಡರೆ ಬಣ್ಣದ ತಾಪ (ಕಲರ್ ಟೆಂಪರೇಚರ್) ‘ಕೂಲ್’ನಲ್ಲಿದೆ ಎಂದರ್ಥ. ಅದನ್ನು ‘ವಾರ್ಮ್’ಗೆ ತನ್ನಿ, ಪಿಕ್ಚರ್ ಮೋಡ್ ಸಿನಿಮಾ ಅಥವಾ ಫಿಲ್ಮ್‌ಮೇಕರ್ ಇರಲಿ. ಮೊದಮೊದಲು ಹಳದಿ ಅನಿಸುತ್ತದೆ, ಕಣ್ಣು ಹೊಂದಿಕೊಳ್ಳಲು ಒಂದೆರಡು ದಿನ ಕೊಡಿ. ಅಕ್ಷರದ ಸುತ್ತ ಬಿಳಿ ಗೆರೆ ಕಂಡರೆ ಅದು ಹೋಗುವವರೆಗೆ ಶಾರ್ಪ್‌ನೆಸ್ ಇಳಿಸಿ. ಮನೆಯೊಳಗಿನ ಕತ್ತಲಲ್ಲಿ ಪುಟ್ಟ ನಾಣಿ ಯಮುನಕ್ಕನನ್ನು ನೋಡುವ ನೋಟದಲ್ಲೇ ಅರ್ಧ ಕತೆಯಿದೆ. ಹಾಲಿನ ಟ್ಯೂಬ್‌ಲೈಟು ಪರದೆಯ ಮೇಲೆ ಹೊಳೆಯುತ್ತಿದ್ದರೆ ಆ ಕತ್ತಲು ಬರಿಯ ಮಸಿಯಾಗುತ್ತದೆ. ಆಗ “ಚಿತ್ರ ನಿಧಾನ” ಎಂದರೆ ಅದು ನೋಡದೆ ಹೇಳಿದ ಮಾತು. ಟ್ಯೂಬ್‌ಲೈಟು ಆರಿಸಿ, ಟಿವಿಯ ಹಿಂದೆ ಸಣ್ಣದೊಂದು ದೀಪವಿಡಿ.

‘ಮಾಲ್ಗುಡಿ ಡೇಸ್’ಗೆ ಆಗುವ ಅನ್ಯಾಯವೇ ಬೇರೆ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿ, 1986ರಿಂದ ದೂರದರ್ಶನದಲ್ಲಿ ಬಂದ ಈ ಸರಣಿಯ ಚೌಕಟ್ಟು 4:3. ಇಂದಿನ 16:9 ಪರದೆಗೆ ಎಳೆದರೆ ಅಗಲ ಮೂರನೇ ಒಂದರಷ್ಟು ಹೆಚ್ಚುತ್ತದೆ, ಮಾಸ್ಟರ್ ಮಂಜುನಾಥನ ಸ್ವಾಮಿ ಗುಂಡುಗುಂಡಗಾಗುತ್ತಾನೆ. ಝೂಮ್ ಮಾಡಿದರೆ ಎತ್ತರದ ಕಾಲುಭಾಗ ಮಾಯ, ಅಪ್ಪನಾಗಿ ನಿಂತ ಗಿರೀಶ್ ಕಾರ್ನಾಡರ ಹಣೆಗೆ ಕತ್ತರಿ. ಪಕ್ಕದ ಕಪ್ಪು ಪಟ್ಟಿಗಳು ಹಾಗೇ ಇರಲಿ. ಸ್ವಾಮಿಯ ಕಂತುಗಳೇ ಇದರಲ್ಲಿ ಶ್ರೇಷ್ಠ ಎಂಬುದು ನನ್ನ ಎಣಿಕೆ. ಒಂದೊಂದೂ ಅರ್ಧ ಗಂಟೆಯೊಳಗೆ ಮುಗಿಯುತ್ತದೆ.

ಟಿ.ಎನ್. ಸೀತಾರಾಂ ಮತ್ತವರ ಗೆಳೆಯರ ‘ಮಾಯಾಮೃಗ’ದಂಥ ದೈನಿಕ ಧಾರಾವಾಹಿಯನ್ನು ಒಂದೇ ಭಾನುವಾರ ಹತ್ತು ಕಂತು ನೋಡಿ “ಹೇಳಿದ್ದೇ ಹೇಳ್ತಾರೆ” ಅನ್ನುವುದೂ ಸರಿಯಲ್ಲ. ನಡುವೆ ಒಂದು ರಾತ್ರಿ ಕಳೆದಿರುತ್ತದೆಂದು ಲೆಕ್ಕ ಹಾಕಿ ಬರೆದದ್ದು ಅದು. ದಿನಕ್ಕೆ ಎರಡು ಕಂತು ಸಾಕು.

ಕೂರುವ ದೂರದ ಬಗ್ಗೆ ಒಂದೇ ಮಾತು. 43 ಇಂಚಿನ ಟಿವಿಗೆ 6 ಅಡಿ ಹದ. ಥರ್ಟಿ ಫಾರ್ಟಿ ಸೈಟಿನ ಮನೆಯ ಹಾಲಿನಲ್ಲಿ ಸೋಫಾ ಗೋಡೆಗೆ ಒರಗಿಸಿ 10 ಅಡಿ ಮಾಡಿಕೊಂಡಿರುತ್ತೇವೆ. ಸಿನಿಮಾದ ಹೊತ್ತಿಗೆ ಒಂದು ಕುರ್ಚಿ ಮುಂದಕ್ಕೆಳೆದುಕೊಂಡರೆ ಆಯಿತು.

ಕೊನೆಗೆ ಪವನ್ ಕುಮಾರ್ ಅವರ ‘ಯು-ಟರ್ನ್’, 2016ರದು. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ ಬೈಕಿನವರು ರಸ್ತೆ ನಡುವಿನ ಕಲ್ಲು ಸರಿಸಿ ತಿರುಗುವುದರಿಂದ ಹುಟ್ಟಿದ ಕತೆ, ಈ ಊರಿನವರಿಗೆ ವಿವರಿಸಬೇಕಿಲ್ಲ. ಠಾಣೆಯ ಲಾಕಪ್ ದೃಶ್ಯ ಇಂದಿಗೂ ಬೆವರಿಳಿಸುತ್ತದೆ. ಅಲ್ಲಿನ ಕತ್ತಲು ಚೌಕ ಚೌಕವಾಗಿ ಒಡೆದು ಕಂಡರೆ ಟಿವಿ ಬದಲಿಸಲು ಹೊರಡಬೇಡಿ. ವೇಗ ಸಾಲದೆ ಆ್ಯಪ್ ಗುಣಮಟ್ಟ ಇಳಿಸಿರುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದ ಮನೆಗಳ ವೈಫೈಗಳೆಲ್ಲ 2.4 ಗಿಗಾಹರ್ಟ್ಸ್ ತರಂಗದಲ್ಲಿ ಒಂದರ ಮೇಲೊಂದು ಬೀಳುತ್ತವೆ, ಅಲ್ಲಿ ಒಂದಕ್ಕೊಂದು ತಾಕದ ವೈಫೈ ಹಾದಿಗಳು (ಚಾನೆಲ್‌ಗಳು) ಮೂರೇ. 5 ಗಿಗಾಹರ್ಟ್ಸ್‌ಗೆ ಬದಲಿಸಿ, ಸಾಧ್ಯವಾದರೆ ರೂಟರಿನಿಂದ ಟಿವಿಗೆ ಲ್ಯಾನ್ ಕೇಬಲ್ ಎಳೆಸಿ. ಇಷ್ಟೆಲ್ಲ ಮಾಡಿದ ಮೇಲೂ ಕಡೆಯ ಭಾಗದಲ್ಲಿ ವಿವರಣೆ ಜಾಸ್ತಿಯಾಯಿತು ಅನ್ನಿಸಿದರೆ, ಆ ದೂರು ಚಿತ್ರದ ಮೇಲೆಯೇ. ನನ್ನದೂ ಅದೇ ದೂರು.