ಅಂಕಪಟ್ಟಿಯ ಜೊತೆಗೆ ಹೋಗುವ ಎರಡು ಪುಟ

ಕೇಳುಗರಿಗೆ ನಮಸ್ಕಾರ. ಹೊರದೇಶದ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕಲು ಹೊರಟಿರುವ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ವಿದ್ಯಾರ್ಥಿಗಳನ್ನೂ, ಅವರಿಗಿಂತ ಹೆಚ್ಚು ಗಾಬರಿಯಲ್ಲಿರುವ ಅವರ ತಂದೆ-ತಾಯಂದಿರನ್ನೂ ಎದುರಿಗೆ ಕೂಡಿಸಿಕೊಂಡೆನೆಂದು ಭಾವಿಸಿ ಮಾತನಾಡುತ್ತಿದ್ದೇನೆ. ನಾನು ಹೇಳುವುದು ಒಂದೇ ಮಾತು: ನೀವು ಎಸ್‌ಒಪಿ ಎಂದು ಕರೆಯುವ ಉದ್ದೇಶಪತ್ರವನ್ನು, ಅಂದರೆ ಏನನ್ನು ಓದಬೇಕು, ಏಕೆ ಓದಬೇಕು ಎಂದು ಅರ್ಜಿಯ ಜೊತೆ ಬರೆದುಕೊಡುವ ಪತ್ರವನ್ನು, ಮೊದಲು ಬರೆಯಿರಿ, ಪರೀಕ್ಷೆಯ ಪುಸ್ತಕವನ್ನು ಆಮೇಲೆ ತೆರೆಯಿರಿ.

ಪರೀಕ್ಷೆಯ ವಿಷಯವನ್ನು ಬೇಗ ಮುಗಿಸುತ್ತೇನೆ. 2023ರ ಸೆಪ್ಟೆಂಬರಿನಿಂದ, ಸ್ನಾತಕೋತ್ತರ ಪ್ರವೇಶಕ್ಕಾಗಿ ಬರೆಯುವ ಜಿಆರ್‌ಇ ಪರೀಕ್ಷೆ ಚಿಕ್ಕದಾಗಿದ್ದು, ಈಗ ಎರಡು ಗಂಟೆಯೊಳಗೆ ಮುಗಿಯುತ್ತದೆ. ಇಂಗ್ಲಿಷಿನ 27 ಪ್ರಶ್ನೆ, ಗಣಿತದ 27 ಪ್ರಶ್ನೆ, 30 ನಿಮಿಷದ ಒಂದು ಪ್ರಬಂಧ. ಮೊದಲೆರಡು ಭಾಗಗಳಿಗೆ ತಲಾ 130ರಿಂದ 170ರವರೆಗೆ ಅಂಕ, ಪ್ರಬಂಧಕ್ಕೆ 6ರವರೆಗೆ. ಅಂಕ ಕಡಿಮೆ ಬಂದರೆ 21 ದಿನ ಬಿಟ್ಟು ಮತ್ತೆ ಬರೆಯಬಹುದು, 12 ತಿಂಗಳಲ್ಲಿ ಐದು ಸಲ. ಈ ಅಂಕ ಐದು ವರ್ಷ ನಡೆಯುತ್ತದೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯ ಅಂಕ ಎರಡೇ ವರ್ಷ, ಆದ್ದರಿಂದ ಅದನ್ನು ಎರಡನೆಯ ವರ್ಷದ ಪದವಿಯಲ್ಲಿದ್ದಾಗಲೇ ಬರೆದು ದುಡ್ಡು ಕಳೆದುಕೊಳ್ಳಬೇಡಿ. ನಮ್ಮ ಹುಡುಗರು ಗಣಿತದಲ್ಲಿ ಗಟ್ಟಿ, ಎಡವುವುದು ಇಂಗ್ಲಿಷಿನಲ್ಲಿ. ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯವನ್ನು ಅರ್ಥವಾಗುವ ತನಕ ಓದಿರಿ. ಇಷ್ಟು ಸಾಕು. ಅಮೆರಿಕದ ಎಷ್ಟೋ ವಿಭಾಗಗಳು ಜಿಆರ್‌ಇ ಅಂಕ ಕೇಳುವುದನ್ನೇ ಬಿಟ್ಟಿವೆ. ಉದ್ದೇಶಪತ್ರ ಬೇಡವೆಂದ ವಿಭಾಗ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಆ ಪತ್ರ ಹೇಗಿರಬೇಕೆಂಬುದಕ್ಕೆ ನನ್ನ ಒಬ್ಬ ವಿದ್ಯಾರ್ಥಿನಿಯ ಕಥೆ ಹೇಳುತ್ತೇನೆ. ಬ್ಯಾಡಗಿ ಕಡೆಯ ಹಳ್ಳಿಯವಳು, ಆಹಾರ ತಂತ್ರಜ್ಞಾನ ಓದುತ್ತಿದ್ದಳು. ಅವಳು ತಂದ ಮೊದಲ ಕರಡು "ಬಾಲ್ಯದಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ" ಎಂದು ಶುರುವಾಗಿತ್ತು. ನಾನು ಅಲ್ಲಿಗೇ ಓದುವುದನ್ನು ನಿಲ್ಲಿಸಿ, ಹೋದ ದೀಪಾವಳಿಯ ರಜೆಯಿಂದ ಸುಗ್ಗಿಯ ತನಕ ಮನೆಯಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿದೆ. ಮೆಣಸಿನಕಾಯಿ ಒಣಗಿಸುತ್ತಿದ್ದೆವು ಎಂದಳು. ಬ್ಯಾಡಗಿಯ ಮೆಣಸಿನಕಾಯಿಗೆ ಬೆಲೆ ಬರುವುದು ಖಾರದಿಂದಲ್ಲ, ಬಣ್ಣದಿಂದ. ಸರಿಯಾಗಿ ಒಣಗದಿದ್ದರೆ ಬಣ್ಣ ಕೆಡುತ್ತದೆ, ಬೂಷ್ಟು ಹಿಡಿಯುತ್ತದೆ, ಆ ಬೂಷ್ಟಿನ ಕೆಲವು ಜಾತಿಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನೂ ಉಂಟುಮಾಡುತ್ತವೆ. ಅವರ ಮನೆಯಲ್ಲಿ ಸಂಜೆಯಾದೊಡನೆ ಕಣದಲ್ಲಿ ಹರವಿದ ಕಾಯಿಯನ್ನು ರಾಶಿ ಮಾಡಿ ತಾಡಪತ್ರಿ ಹೊದಿಸುತ್ತಿದ್ದರು. ಬೆಳಿಗ್ಗೆ ತೆಗೆದರೆ ತಾಡಪತ್ರಿಯ ಒಳಮೈ ತುಂಬ ನೀರಿನ ಹನಿ. ಇವಳು ಒಂದು ರಾಶಿಗೆ ತಾಡಪತ್ರಿ, ಇನ್ನೊಂದಕ್ಕೆ ಗೋಣಿತಾಟು ಹೊದಿಸಿ, ದಿನಾಲು ಎರಡರ ಮೇಲ್ಪದರದಿಂದಲೂ ಒಂದೊಂದು ಹಿಡಿ ಕಾಯಿ ತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಕಾಲೇಜಿಗೆ ಒಯ್ದು, ಒಲೆಯಲ್ಲಿ ಒಣಗಿಸುವ ಮುಂಚೆ ಮತ್ತು ಆಮೇಲೆ ತೂಗಿ, ತೇವವೆಷ್ಟೆಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಳು. ತಾಡಪತ್ರಿಯ ಕೆಳಗಿನ ಕಾಯಿಯಲ್ಲಿ ಪ್ರತಿದಿನವೂ ತೇವ ಹೆಚ್ಚು. ಹನ್ನೊಂದು ದಿನದ ಲೆಕ್ಕ. ನಡುವೆ ಒಂದು ದಿನ ಮಳೆ ಬಂದದ್ದನ್ನೂ ಗುರುತು ಹಾಕಿದ್ದಳು. ಇದನ್ನೇಕೆ ಬರೆದಿಲ್ಲ ಎಂದು ಕೇಳಿದರೆ ಅವಳು ಹೇಳಿದ್ದು, "ಸರ್, ಅದು ಮನಿ ಕೆಲಸರಿ. ಅದನ್ನೇನ್ ಬರಿಯೋದ್ರಿ?"

ನನಗೆ ಸಿಟ್ಟೂ ಬಂತು, ನಗುವೂ ಬಂತು. ಅವಳ ಎರಡನೆಯ ಕರಡು "ತಾಡಪತ್ರಿಯ ಒಳಗೆ ಹನಿ ಏಕೆ ಕಟ್ಟುತ್ತದೆ" ಎಂಬಲ್ಲಿಂದ ಆರಂಭವಾಯಿತು; ಆ ಪ್ರಶ್ನೆಗೆ ತನಗೆ ಗೊತ್ತಿರುವ ಉತ್ತರವೆಷ್ಟು, ಗೊತ್ತಿಲ್ಲದ್ದು ಯಾವುದು, ಅದನ್ನು ಕಲಿಯಲು ಆ ವಿಭಾಗವೇ ಏಕೆ ಬೇಕು ಎಂಬಲ್ಲಿಗೆ ಮುಗಿಯಿತು. ಒಟ್ಟು ಎರಡು ಪುಟ. ಗಣಕಯಂತ್ರದ ಪರದೆಯ ಮೇಲೆ ಅವಳನ್ನು ಸಂದರ್ಶಿಸಿದ ಪ್ರಾಧ್ಯಾಪಕರು ಅಂಕಗಳ ಸುದ್ದಿಯನ್ನೇ ಎತ್ತಲಿಲ್ಲ, ಗೋಣಿತಾಟಿನ ಬಗ್ಗೆ ಇಪ್ಪತ್ತು ನಿಮಿಷ ಕೇಳಿದರು. ಹಣ ಕೊಟ್ಟು ಬರೆಸಿಕೊಂಡ ಪತ್ರದಲ್ಲಿ ಆ ಗೋಣಿತಾಟು ಬರುತ್ತಿತ್ತೆ? ಆದ್ದರಿಂದ ಮತ್ತೆ ಹೇಳುತ್ತೇನೆ, ಪತ್ರವನ್ನು ಮೊದಲು ಬರೆಯಿರಿ, ನೀವೇ ಬರೆಯಿರಿ.

ಕಥೆಯಲ್ಲಿ ಸಮಯ ಕಳೆಯಿತು, ಉಳಿದದ್ದನ್ನು ಅವಸರದಲ್ಲಿ ಹೇಳಬೇಕಾಗಿದೆ. ಉದ್ದೇಶಪತ್ರವಲ್ಲದೆ ಪರ್ಸನಲ್ ಸ್ಟೇಟ್‌ಮೆಂಟನ್ನೂ ಕೇಳಿದರೆ, ಅದರಲ್ಲಿ ನೀವು ಬೆಳೆದು ಬಂದ ದಾರಿಯನ್ನು ಬರೆಯಿರಿ. ಮೊದಲಿನದನ್ನೇ ನಕಲು ಮಾಡಬೇಡಿ. ಶಿಫಾರಸು ಪತ್ರಕ್ಕಾಗಿ ಅಧ್ಯಾಪಕರ ಬಳಿಗೆ ಕೊನೆಯ ವಾರದಲ್ಲಿ ಓಡಬೇಡಿ. ಒಂದು ತಿಂಗಳು ಮೊದಲೇ, ಕರಡನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿರಿ. ಆಗಸ್ಟಿನಲ್ಲಿ ಶುರುವಾಗುವ ಓದಿಗೆ ಬಹುತೇಕ ಅರ್ಜಿಗಳು ಹಿಂದಿನ ಡಿಸೆಂಬರ್-ಜನವರಿಯಲ್ಲೇ ಮುಗಿಯುತ್ತವೆ. ಇನ್ನು ಹೆಸರಿನ ತಾಪತ್ರಯ: ನಮ್ಮ ಕಡೆ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ, ಅಂಕಪಟ್ಟಿಯಲ್ಲಿ ಒಂದು ಕ್ರಮ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಕ್ರಮ. ಪರೀಕ್ಷೆಗೆ ಹೆಸರು ನೋಂದಾಯಿಸುವಾಗ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ, ಅಕ್ಷರಕ್ಕೆ ಅಕ್ಷರ, ಬರೆಯಿರಿ.

ಇಂಗ್ಲಿಷ್ ಬಾರದೆಂದು ಪತ್ರವನ್ನು ಮುಂದೂಡುವವರಿಗೆ ಒಂದು ಉಪಾಯವಿದೆ. ಇವತ್ತು ರಾತ್ರಿ ಊಟವಾದ ಮೇಲೆ ಒಂದು ಹಾಳೆ ತೆಗೆದುಕೊಂಡು, ಕಳೆದ ಎರಡು ವರ್ಷಗಳಲ್ಲಿ ನಿಮ್ಮ ಕೈಯಾರೆ ಮಾಡಿ ನೋಡಿದ ಒಂದು ಕೆಲಸವನ್ನು ಕನ್ನಡದಲ್ಲಿಯೇ ಬರೆಯಿರಿ. ಇಂಗ್ಲಿಷಿಗೆ ತರುವುದು ನಾಳಿನ ಕೆಲಸ. ನಮಸ್ಕಾರ.